ಬಾಳಮ್ಮನ ಅಂಗಡಿಯಿಂದ ಕಾಣುವ ಬೆಂಕಿ

ಕೋಕ್ ಲಾರಿ ಓಡಿಸುವ ಅಣ್ಣತಮ್ಮಂದಿರೇ, ನಾನು ಮುರ್ತುಜಸಾಬ, ಕಬ್ಬಿಣದ ಭಟ್ಟಿಯ ಗ್ಯಾಸ್ ಫಿಟ್ಟರ್. ಕಾರ್ಖಾನೆಯ ಗೇಟಿನ ಮುಂದೆ ಕಲ್ಲಿನ ಮೇಲೆ ಕುಳಿತು ಅಮೀನಗಡದ ಬಸ್ಸಿಗೆ ಕಾಯುತ್ತಿದ್ದೇನೆ. ಬಸ್ಸಿಗೆ ಇನ್ನೂ ಹೊತ್ತಿದೆ. ಅಷ್ಟರಲ್ಲಿ ನಿಮ್ಮ ಫೋನಿನ ಗ್ರೂಪಿಗೆ ಇದನ್ನು ತುಂಡು ತುಂಡಾಗಿ ಹೇಳಿ ಕಳಿಸುತ್ತೇನೆ. ಮೊದಲ ತುಂಡು ಕೇಳಿ, ಉಳಿದದ್ದು ಬಿಟ್ಟು, ಮುದುಕನಿಗೆ ತಲೆ ಕೆಟ್ಟಿದೆ ಎನ್ನಬೇಡಿ. ತಲೆ ಕೆಟ್ಟಿರುವುದು ಖರೆ. ಯಾಕೆ ಕೆಟ್ಟಿತು ಎಂಬುದನ್ನು ಪೂರ್ತಿ ಕೇಳಿ. ಹನ್ನೊಂದು ದಿನದಿಂದ ಒಬ್ಬೊಬ್ಬ ಡ್ರೈವರನಿಗೂ ಬೇರೆ ಬೇರೆ ಹೇಳಿ ನನ್ನ ಗಂಟಲು ಒಣಗಿ ಹೋಗಿದೆ.

ನಿಮಗೆ ಗೊತ್ತಿರುವುದರಿಂದಲೇ ಶುರು ಮಾಡುತ್ತೇನೆ. ಗೋವೆಯ ಬಂದರಿನಲ್ಲಿ ಕೋಕ್ ಕಲ್ಲಿದ್ದಲು ತುಂಬಿಕೊಂಡು, ಬಾಗಲಕೋಟೆ ದಾಟಿ ಅಮೀನಗಡಕ್ಕೆ ಬರುತ್ತೀರಿ. ಬಾಳಮ್ಮನ ಚಹಾದ ಅಂಗಡಿಯ ಮುಂದೆ ಗಾಡಿ ನಿಲ್ಲಿಸುತ್ತೀರಿ. ಚಹಾ ಬರುವವರೆಗೆ ಹಣೆಗೆ ಕೈ ಹಿಡಿದು ಹುನಗುಂದದ ಕಡೆ ನೋಡುತ್ತೀರಿ. ದಿನ್ನೆಯ ಆಚೆ ನಮ್ಮ ಚಿಮಣಿ, ಅದರ ತುದಿಗೆ ಬೆಂಕಿ. ಬೆಂಕಿ ಕಂಡರೆ ಗಾಡಿ ಮುಂದೆ. ಕಾಣದಿದ್ದರೆ ಸಾಹುಕಾರನಿಗೆ ಫೋನ್ ಹಚ್ಚಿ, ಗಾಡಿಯನ್ನು ಕೊಪ್ಪಳದ ಕಾರ್ಖಾನೆಗಳ ಕಡೆ ಹೊರಳಿಸುತ್ತೀರಿ.

ಈ ಪದ್ಧತಿ ಯಾಕೆ ಬಿತ್ತು ಎಂಬುದೂ ನಿಮಗೆ ಗೊತ್ತು. ಎಂಟು ವರ್ಷದ ಹಿಂದೆ ನಮ್ಮ ಭಟ್ಟಿ ಬಂದ್ ಬಿದ್ದಿತ್ತು. ಮ್ಯಾನೇಜರ್ ಹಣಮೇಶ ಫೋನಿನಲ್ಲಿ "ಚಾಲೂ ಐತಿ, ಬರ್ರಿ ಬರ್ರಿ" ಎಂದು ಹದಿನಾಲ್ಕು ಗಾಡಿ ಕರೆಸಿಕೊಂಡ. ಒಂಬತ್ತು ದಿನ ಮಾಲು ಇಳಿಸಲಿಲ್ಲ. ಗುಡೂರಿನ ಗಾಳೆಪ್ಪ ಇದೇ ಅಂಗಳದಲ್ಲಿ ಗಾಡಿಯ ಕೆಳಗೆ ಮಲಗಿ, ಮಗಳ ಹೆಸರಿಡುವ ಕಾರ್ಯ ತಪ್ಪಿಸಿಕೊಂಡ. ಹೆಂಡತಿ ಇವತ್ತಿಗೂ ಅದನ್ನು ಎತ್ತಾಡುತ್ತಾಳಂತೆ. ಅವತ್ತಿನಿಂದ ನೀವು ಫೋನಿನ ಮಾತು ನಂಬುವುದು ಬಿಟ್ಟಿರಿ. ಮನುಷ್ಯ ಸುಳ್ಳು ಹೇಳುತ್ತಾನೆ, ಬೆಂಕಿ ಹೇಳುವುದಿಲ್ಲ ಎಂದು ನಿಮ್ಮ ನಿಮ್ಮಲ್ಲೇ ಗೊತ್ತು ಮಾಡಿಕೊಂಡಿರಿ. ಅದರಲ್ಲಿ ತಪ್ಪಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಹಣಮೇಶನ ಫೋನ್ ನಂಬರನ್ನೇ ಅಳಿಸಿಬಿಡುತ್ತಿದ್ದೆ.

ಆದರೆ ಆ ಬೆಂಕಿ ಏನು ಎಂದು ನೀವು ಒಬ್ಬರಾದರೂ ಕೇಳಿದ್ದೀರಾ? ಇಲ್ಲ. ಅದನ್ನು ಮೂವತ್ತೊಂದು ವರ್ಷ ಹೊತ್ತಿಸಿದವನು ನಾನು. ಕೇಳಿ.

ಭಟ್ಟಿಗೆ ಮೇಲಿನಿಂದ ಅದಿರು, ಕೋಕ್, ಸುಣ್ಣದ ಕಲ್ಲು ಹಾಕುತ್ತೇವೆ. ಕೆಳಗಿನಿಂದ ಬಿಸಿ ಗಾಳಿ ಊದುತ್ತೇವೆ. ಕೆಳಗೆ ಕಬ್ಬಿಣ ಇಳಿಯುತ್ತದೆ. ಉಕ್ಕು ಮಾಡುವವರು ಅದನ್ನು ಒಯ್ಯುತ್ತಾರೆ. ಮೇಲೆ ಗ್ಯಾಸು ಬರುತ್ತದೆ. ಆ ಗ್ಯಾಸು ಪೂರ್ತಿ ಸತ್ತಿರುವುದಿಲ್ಲ, ಕಾಲು ಭಾಗದಲ್ಲಿ ಇನ್ನೂ ಜೀವ, ಅಂದರೆ ಉರಿಯುವ ಶಕ್ತಿ, ಇರುತ್ತದೆ. ಸ್ವಲ್ಪವನ್ನು ಗಾಳಿ ಕಾಯಿಸುವುದಕ್ಕೆ ಬಳಸುತ್ತೇವೆ. ಉಳಿದದ್ದನ್ನು ಹಾಗೇ ಬಿಡುವಂತಿಲ್ಲ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಗೊತ್ತಾಗುವುದರೊಳಗೆ ಮನುಷ್ಯ ಮಲಗಿರುತ್ತಾನೆ, ಮತ್ತೆ ಏಳುವುದಿಲ್ಲ. ಅದಕ್ಕಾಗಿ ಚಿಮಣಿಯ ತುದಿಯಲ್ಲಿ ಸುಟ್ಟುಬಿಡುತ್ತೇವೆ. ನೀವು ಚಹಾ ಕುಡಿಯುತ್ತಾ ನೋಡುವುದು ಅದನ್ನು. ಮೂವತ್ತೊಂದು ವರ್ಷ ನಾನು ಮಾಡಿದ್ದು ಏನೆಂದರೆ, ಅರ್ಧ ತಿಂದ ರೊಟ್ಟಿಯನ್ನು ಒಲೆಗೆ ಎಸೆದದ್ದು. ಅದರ ಹೊಗೆಯೆಲ್ಲ ಎಲ್ಲಿಗೆ ಹೋಯಿತು? ಮೇಲಕ್ಕೆ. ಈಗ ಏಪ್ರಿಲ್ ತಿಂಗಳಲ್ಲಿ ಗಾಡಿಯ ಸ್ಟೇರಿಂಗು ಮುಟ್ಟಿದರೆ ಕೈ ಸುಡುತ್ತದೆ ಎಂದು ಬೈಯುತ್ತೀರಲ್ಲ, ಅದರಲ್ಲಿ ನನ್ನದೂ ಒಂದಿಷ್ಟು ಪಾಲಿದೆ.

ನಿವೃತ್ತಿಯಾಗಿ ಆರು ವರ್ಷ ಇಳಕಲ್ಲಿನ ಮನೆಯಲ್ಲಿ ಬೀಡಿ ಸೇದಿಕೊಂಡು ಇದ್ದೆ. ಆಗ ಆಫ್ರೀನ ಹುಡುಕಿಕೊಂಡು ಬಂದಳು. ಬಾಗಲಕೋಟೆಯ ಹುಡುಗಿ, ಇಪ್ಪತ್ತೆಂಟು ವರ್ಷ, ನಮ್ಮ ಕಾರ್ಖಾನೆಯ ಹೊಸ ಇಂಜಿನಿಯರು.

"ಚಾಚಾ, ಯಾವ ಪೈಪು ಎಲ್ಲಿಗೆ ಹೋಗತೈತಿ ಅಂತ ಕಾರ್ಖಾನ್ಯಾಗ ಯಾರಿಗೂ ಗೊತ್ತಿಲ್ರಿ. ನಕಾಶಿ ಎಲ್ಲಾ ಇಲಿ ತಿಂದಾವಂತ. ನಿಮ್ಮನ್ನ ಕೇಳು ಅಂದ್ರು."

"ನಕಾಶಿ ತಿಂದಾವ, ನನ್ನ ಇನ್ನೂ ತಿಂದಿಲ್ಲ. ನಡಿ ಬೇಟಿ" ಎಂದೆ.

ಅವಳು ಒಂದು ಸಂಶೋಧನಾ ಸಂಸ್ಥೆಯಿಂದ ಯಂತ್ರ ತರಿಸಿದ್ದಳು. ಎರಡು ಲಾರಿ ಉದ್ದ, ಹಸಿರು ಬಣ್ಣ. ಆ ಯಂತ್ರ ಭಟ್ಟಿಯ ಗ್ಯಾಸಿನಿಂದ ಸತ್ತ ಗ್ಯಾಸನ್ನು ಬೇರೆ ಮಾಡುತ್ತದೆ, ಜೀವ ಇರುವುದನ್ನು ಮತ್ತೆ ಭಟ್ಟಿಯ ಬುಡಕ್ಕೆ ಊದುತ್ತದೆ. ಕೋಕ್ ಮಾಡುವ ಕೆಲಸವನ್ನೇ ಅದು ಒಳಗೆ ಮಾಡುತ್ತದೆ. ಕೋಕ್ ಕಡಿಮೆ ಸುಟ್ಟರೆ ಹೊಗೆಯೂ ಕಡಿಮೆ. ಬೇರೆ ಮಾಡಿದ ಸತ್ತ ಗ್ಯಾಸಿಗೆ ಇನ್ನೂ ದಾರಿ ಹುಡುಕಬೇಕು, ಅದು ಮುಂದಿನ ಮಾತು. ಹತ್ತು ಗಾಡಿ ಕೋಕ್ ಬೇಕಾದಲ್ಲಿ ಎಂಟು ಸಾಕಾಗುತ್ತದೆ ಎಂಬುದನ್ನೂ ನಾನು ನಿಮ್ಮಿಂದ ಮುಚ್ಚಿಡುವುದಿಲ್ಲ. ಬೈಯುವವರು ಬೈಯಿರಿ.

ಯಂತ್ರ ಕೈಗಡ ತಂದದ್ದು. ಕರಾರು ಒಂದೇ: ಒಂದರ ಹಿಂದೆ ಒಂದು ಮೂವತ್ತು ದಿನ ಚಿಮಣಿಯಲ್ಲಿ ಗ್ಯಾಸು ಸುಡಬಾರದು. ತಪಾಸಣೆಯವರು ಬಂದು ಒಪ್ಪಿ ಬರೆದರೆ ಯಂತ್ರ ಇಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ಬಿಚ್ಚಿಕೊಂಡು ಬೇರೆ ರಾಜ್ಯದ ಕಾರ್ಖಾನೆಗೆ ಒಯ್ಯುತ್ತಾರೆ.

ಎರಡು ತಿಂಗಳು ಪೈಪು ಜೋಡಿಸಿದೆವು. ಆಮೇಲೆ ಒಂದು ಬೆಳಗ್ಗೆ ನಾನೇ ವಾಲ್ವು ತಿರುಗಿಸಿದೆ. ಬೆಂಕಿ ಸಣ್ಣದಾಯಿತು, ಎರಡು ಸಲ ಬಿಕ್ಕಿತು, ಹೋಯಿತು. ತುದಿಯಲ್ಲಿ ಅಂಗೈಯಷ್ಟು ನೀಲಿ ಕುಡಿ ಮಾತ್ರ ಉಳಿಯಿತು. ಏನಾದರೂ ಹೆಚ್ಚುಕಡಿಮೆಯಾಗಿ ಗ್ಯಾಸು ಹೊರಗೆ ಬಿಡಬೇಕಾದರೆ ಹೊತ್ತಿಕೊಳ್ಳಲಿ ಎಂದು ಸಿಲಿಂಡರಿನಿಂದ ಇಟ್ಟ ಕುಡಿ ಅದು. ಆಫ್ರೀನ ಎಲ್ಲರಿಗೂ ಕರದಂಟು ಹಂಚಿದಳು. ನನಗೆ ಹಲ್ಲಿಲ್ಲ, ಆದರೂ ಒಂದು ಗಂಟೆ ಬಾಯಲ್ಲಿಟ್ಟುಕೊಂಡು ತಿಂದೆ. ಅಷ್ಟು ಸಂತೋಷವಾಗಿತ್ತು.

ಮರುದಿನದಿಂದಲೇ ಗಾಡಿ ಬರುವುದು ನಿಂತಿತು.

ಅಂಗಳದಲ್ಲಿ ಕೋಕ್ ಕರಗುತ್ತಾ ಬಂತು. ಹಣಮೇಶ ಫೋನ್ ಮಾಡಿದರೆ ನೀವು ಎತ್ತಲಿಲ್ಲ, ಎತ್ತಿದವರು ನಕ್ಕು ಇಟ್ಟಿರಿ. ಆರನೇ ದಿನ ನಾನು ಬಸ್ ಹಿಡಿದು ಅಮೀನಗಡಕ್ಕೆ ಹೋದೆ.

"ಏನವಾ ಬಾಳಮ್ಮ, ಕೋಕಿನ ಗಾಡಿ ಒಂದೂ ಬರವಲ್ವು?"

"ಎಲ್ಲಿಂದ ಬರತಾವೋ ಮಾರಾಯಾ? ನಿಮ್ಮ ಭಟ್ಟಿ ಸತ್ತೈತಿ. ಐದ ದಿನಾ ಆತು ಬೆಂಕಿ ಇಲ್ಲ. ನಾನ ಎಲ್ಲಾರಿಗೂ ಹೇಳಿ ಹೊಳ್ಳಿ ಕಳಸೀನಿ. ಪಾಪ, ಹ್ವಾದ ಸಲದಂಗ ಸಿಕ್ಕೊಂಡ ಸಾಯಬಾರದಲ್ಲ."

"ಭಟ್ಟಿ ಸತ್ತಿಲ್ಲ, ನಡದೈತಿ!"

"ಮತ್ತ ಬೆಂಕಿ?"

"ಬೆಂಕಿ ಒಳಗ ಹೋಗೈತಿ."

ಅವಳು ನನ್ನ ಮುಖವನ್ನೇ ನೋಡಿದಳು. "ಮುರ್ತುಜಣ್ಣ, ಬಿಸಲಾಗ ಬಂದಿ. ಕುಂದರು, ಮೊದಲ ನೀರು ಕುಡಿ."

ಹೀಗೆ. ಹೊಗೆ ಕಡಿಮೆ ಮಾಡಿದ್ದಕ್ಕೆ ನಮ್ಮ ಭಟ್ಟಿಗೆ ತಿಥಿ ಮಾಡಿ ಕೂತಿದ್ದರು ಅಮೀನಗಡದಲ್ಲಿ.

ವಾಪಸು ಬಂದಾಗ ಹಣಮೇಶ ಆಫ್ರೀನಳ ಮುಂದೆ ನಿಂತು ಕೂಗಾಡುತ್ತಿದ್ದ. "ಮೂರು ದಿನದ ಕೋಕ್ ಐತ್ರಿ ಮೇಡಂ. ಕೋಕ್ ಮುಗದ್ರ ಭಟ್ಟಿ ನಿಂದರತೈತಿ. ಭಟ್ಟಿ ನಿಂತ್ರ ನಿಮ್ಮ ಮಷೀನು ಏನು, ಗಾಳಿ ಕುಡಿತೈತೇನು? ವಾಲ್ವು ಬಿಡ್ರಿ, ಬೆಂಕಿ ಹಚ್ರಿ, ಗಾಡಿ ಬರಲಿ."

"ಒಂದ ತಾಸು ಹಚ್ಚಿದ್ರೂ ಲೆಕ್ಕ ಸೊನ್ನಿಗೆ ಬರತೈತ್ರಿ ಸರ್. ಮತ್ತ ಮೂವತ್ತು ದಿನಾ ಎಲ್ಲಿಂದ ತರೂದು? ಮಷೀನ ಒಯ್ಯಾಕ ತಾರೀಖು ಗೊತ್ತಾಗೈತಿ."

"ಹಂಗಾದ್ರ ಒಯ್ಯಲಿ!" ಎಂದು ಹಣಮೇಶ ಹೊರಗೆ ನಡೆದ. ಆಫ್ರೀನ ಕುರ್ಚಿಯಲ್ಲಿ ಕುಳಿತು ಪೆನ್ನಿನ ಮುಚ್ಚಳ ಹಾಕುವುದು, ತೆಗೆಯುವುದು ಮಾಡತೊಡಗಿದಳು. ನನಗೆ ನೋಡಲಾಗಲಿಲ್ಲ. ಅಲ್ಲೇ ನನಗೊಂದು ಯುಕ್ತಿ ಹೊಳೆಯಿತು. ಹೊಳೆಯಬಾರದಿತ್ತು.

ನಾನು ಚಿಕ್ಕವನಿದ್ದಾಗ ಇಳಕಲ್ಲಿಗೆ ನಾಟಕ ಕಂಪನಿ ಬಂದು ಬೀಡು ಬಿಡುತ್ತಿತ್ತು. ಲಂಕೆ ಸುಡುವ ದೃಶ್ಯಕ್ಕೆ ಕೆಂಪು ಅರಿವೆಯ ಚೂರುಗಳನ್ನು ಕಟ್ಟಿ, ಕೆಳಗೆ ಪಂಖ ಇಟ್ಟು ಊದುತ್ತಿದ್ದರು. ಮುಂದಿನ ಸಾಲಿನ ಹೆಂಗಸರು ಹೆದರಿ ಹಿಂದೆ ಸರಿಯುತ್ತಿದ್ದರು. ಆ ಪಂಖ ಕೆಟ್ಟಾಗ ರಿಪೇರಿ ಮಾಡಿದ್ದೇ ನನ್ನ ಜೀವನದ ಮೊದಲ ಫಿಟ್ಟರ್ ಕೆಲಸ.

ನಮ್ಮ ಬೆಂಕಿಯ ಚಿಮಣಿಯ ಪಕ್ಕದಲ್ಲಿ ಹಳೆಯದೊಂದು ಚಿಮಣಿ ಇದೆ. ಇಪ್ಪತ್ತು ವರ್ಷದ ಹಿಂದೆ ನಾನೇ ಬುಡಕ್ಕೆ ತಗಡು ಬೆಸೆದು ಮುಚ್ಚಿದ್ದು, ಅದರಲ್ಲಿ ಗ್ಯಾಸಿನ ಸುಳಿವೂ ಇಲ್ಲ. ಅಮೀನಗಡದಿಂದ ನೋಡಿದರೆ ಎರಡೂ ಒಂದೇ.

ಮನೆಗೆ ಹೋಗಿ ನನ್ನ ಹೆಂಡತಿ ರಂಜಾನಬಿಗೆ ಹೇಳಿದೆ. ಅವಳ ತವರಿನವರು ಸೀರೆ ನೇಯುವವರು. ಸೆರಗಿಗೆ ಹಾಕುವ ಕೆಂಪು ರೇಷ್ಮೆಯ ಉಳಿದ ತುಂಡುಗಳು ಅವಳ ಪೆಟ್ಟಿಗೆಯಲ್ಲಿ ಯಾವಾಗಲೂ ಇರುತ್ತವೆ.

"ನಲವತ್ತ ವರ್ಷದಾಗ ನನಗ ಒಂದು ಛಲೋ ಸೀರಿ ತರಲಿಲ್ಲ. ಈಗ ಚಿಮಣಿಗೆ ಸೆರಗು ಹೊಚ್ಚಾಕ ಹೊಂಟೀರಿ?" ಎಂದಳು. ಬೈಯುತ್ತಲೇ ಕೆಂಪು, ಹಳದಿ, ಕೇಸರಿ ಸೇರಿಸಿ ಹೊಲಿದುಕೊಟ್ಟಳು.

ಆಫ್ರೀನ ಅದನ್ನು ನೋಡಿ ಹಿಂದೆಮುಂದೆ ನೋಡಿದಳು. "ಚಾಚಾ, ಇದು ಮೋಸ ಅಲ್ಲೇನ್ರಿ?"

"ಯಾರಿಗೆ ಮೋಸ? ಬೆಂಕಿ ಕಂಡ್ರ ಭಟ್ಟಿ ನಡದೈತಿ ಅಂತ ಅವರು ತಿಳಕೋತಾರ. ಭಟ್ಟಿ ನಡದೈತೋ ಇಲ್ಲೋ?"

"ನಡದೈತಿ."

"ಮತ್ತ? ಖರೇ ಮಾತು ಖರೇ ಅಂತ ಹೇಳಾಕ ಒಂದು ಅರಿವಿ ಕಟ್ಟಿದ್ರ ಮೋಸ ಹೆಂಗಾಕ್ಕೈತಿ?"

"ಹಂಗಾದ್ರ ಇವತ್ತಿನ ರಿಪೋರ್ಟಿನ್ಯಾಗ ಬರೀತೇನ್ರಿ. ಹಳೇ ಚಿಮಣಿ ಮ್ಯಾಲ ಅರಿವಿ ಕಟ್ಟೇವಿ ಅಂತ."

ಅಣ್ಣಗಳಿರಾ, ಈಗ ನಾನು ಹೇಳಿದ ಮಾತನ್ನು ಕೇಳಿ, ಬೇಕಾದರೆ ನನಗೆ ಉಗಿಯಿರಿ. "ಅದನ್ನೇನು ಬರೀತಿ ಬೇಟಿ? ಓದಿದವ್ರು ನಗತಾರ. ಅಲ್ಲಿ ಕಾರ್ಖಾನಿ ಐತೋ ನಾಟಕದ ಕಂಪನಿ ಐತೋ ಅಂತಾರ. ಬಿಡು" ಎಂದೆ. ಅವಳು ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟಳು. ಬರೆಯಲಿಲ್ಲ.

ಇಬ್ಬರು ಕೆಲಸಗಾರರನ್ನು ಹತ್ತಿಸಿ, ಊದುವ ಪಂಖ ಮೇಲಿಟ್ಟು, ಅರಿವೆ ಕಟ್ಟಿಸಿದೆ. ಬೆಂಕಿ ಎದ್ದು ನಿಂತಿತು. ನಮ್ಮ ಖರೇ ಬೆಂಕಿ ಹಗಲಿನಲ್ಲಿ ಬಿಳಿಚಿಕೊಂಡು, ಕಂಡೂ ಕಾಣದಂತೆ ಇರುತ್ತಿತ್ತು. ಇದು ಹಾಗಲ್ಲ, ಮದುಮಗಳಂತೆ ಕೆಂಪಗೆ ಕುಣಿಯಿತು. ಸಂಜೆಗೆ ಕೆಳಗೆ ಒಂದು ದೀಪ ಹಚ್ಚಿದರೆ ಮುಗಿಯಿತು, ಹುನಗುಂದದವರೆಗೂ ಕಾಣುತ್ತಿತ್ತು. ಮರುದಿನವೇ ಗಾಡಿ ಬಂದವು. ಮೊದಲನೇ ಗಾಡಿ ಗಾಳೆಪ್ಪನದು.

"ಏನಪಾ ಮುರ್ತುಜಣ್ಣ, ಈ ಸಲ ಬೆಂಕಿ ಭಾಳ ಛಲೋ ಎದ್ದೈತಿ? ಕೋಕ್ ಜಾಸ್ತಿ ಹಾಕೀರೇನು?"

"ಹೂಂ, ನಿನ್ನ ಕೋಕಿನ ಪುಣ್ಯ" ಎಂದೆ. ನಕ್ಕೆ. ಆಫ್ರೀನ ನಗಲಿಲ್ಲ. ಹುಡುಗಿಗೆ ನನಗಿಂತ ಬುದ್ಧಿ ಜಾಸ್ತಿ.

ಹತ್ತು, ಹದಿನೈದು, ಇಪ್ಪತ್ತೈದು. ದಿನ ಎಣಿಸುತ್ತಾ ಹೋದೆವು. ಯಂತ್ರ ಒಂದು ಸಲವೂ ಕೆಮ್ಮಲಿಲ್ಲ. ಗ್ಯಾಸು ಹೊರಗೆ ಹೋಗುವ ದಾರಿಯ ಮೀಟರಿನ ಮುಳ್ಳು ಸೊನ್ನೆಯ ಮೇಲೆ ಸತ್ತಂತೆ ಮಲಗಿತ್ತು. ಮೂವತ್ತನೇ ದಿನ ತಪಾಸಣೆಯ ಸಾಹೇಬರು ಬೆಂಗಳೂರಿನಿಂದ ಕಾರಿನಲ್ಲಿ ಬಂದರು. ನೆಟ್ಟಗೆ ಕಾರ್ಖಾನೆಗೆ ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಅಮೀನಗಡದಲ್ಲಿ ಅವರಿಗೆ ಚಹಾ ಬೇಕಾಯಿತು. ಎಲ್ಲಿ? ಬಾಳಮ್ಮನ ಅಂಗಡಿಯಲ್ಲಿ.

ಬಾಳಮ್ಮ ನಮಗೆ ಉಪಕಾರ ಮಾಡಲು ಹೋದಳು. ಅದನ್ನೂ ಅವಳೇ ನನಗೆ ಆಮೇಲೆ ಹೇಳಿದ್ದು. ಆ ಕಾರ್ಖಾನೆಗೆ ಹೊರಟಿದ್ದೇನೆ ಎಂದು ಸಾಹೇಬರು ಹೇಳಿದ ಕೂಡಲೇ, "ಭಾಳ ಛಲೋ ಕಾರ್ಖಾನಿ ನೋಡ್ರಿ! ಅಕಾ, ಬೆಂಕಿ ಹೆಂಗ ಉರೀತೈತಿ. ತಿಂಗಳಾತು, ಒಂದ ದಿನಾ ಆರಿಲ್ರಿ!" ಎಂದಳಂತೆ. ಸಾಹೇಬರು ಫೋಟೋ ತೆಗೆದುಕೊಂಡರಂತೆ. ಇವಳು ಇನ್ನೂ ಹುರುಪಿನಿಂದ, "ನನ್ನ ಹೆಸರೂ ಬರಕೋರಿ" ಎಂದು ಬರೆಸಿದಳಂತೆ.

ಸಾಹೇಬರು ಬಂದು ಕುರ್ಚಿಯಲ್ಲಿ ಕುಳಿತರು. ನೀರೂ ಮುಟ್ಟಲಿಲ್ಲ.

"ಮೂವತ್ತು ದಿನ ಚಿಮಣಿಯಲ್ಲಿ ಅನಿಲ ಸುಟ್ಟಿಲ್ಲ ಅಂತ ನೀವು ಬರೆದಿದ್ದೀರಿ. ಬೆಂಕಿ ಒಂದು ದಿನವೂ ಆರಿಲ್ಲ ಅಂತ ಊರಿನವರು ಹೇಳುತ್ತಾರೆ. ನಾನೂ ಈಗ ಕಣ್ಣಾರೆ ನೋಡಿದೆ. ಇದರಲ್ಲಿ ಯಾವುದು ನಿಜ?"

ನನಗೆ ನಗೆ ತಡೆಯಲಾಗಲಿಲ್ಲ. "ಎರಡೂ ಖರೇ ಐತ್ರಿ ಸಾಹೇಬ್ರ. ಬರ್ರಿ, ತೋರಸ್ತೇನಿ" ಎಂದು ಅಂಗಳಕ್ಕೆ ಕರೆದುಕೊಂಡು ಹೋಗಿ ಪಂಖದ ಸ್ವಿಚ್ಚು ಆರಿಸಿದೆ. ಬೆಂಕಿ ಸೊಪ್ಪಿನಂತೆ ಬಾಡಿ ಚಿಮಣಿಗೆ ಜೋತುಬಿತ್ತು. "ನಮ್ಮ ಗ್ಯಾಸು ಹಗಲಿನ್ಯಾಗ ಇಷ್ಟು ಕೆಂಪಗ ಉರಿಯೂದಿಲ್ರಿ. ಭಟ್ಟಿ ನೋಡಿದವ್ರಿಗೆ ಗೊತ್ತಾಕ್ಕೈತಿ" ಎಂದೂ ಸೇರಿಸಿದೆ. ಅವರೂ ನಗುತ್ತಾರೆ, ಬೆನ್ನು ತಟ್ಟುತ್ತಾರೆ ಎಂದುಕೊಂಡಿದ್ದೆ.

ಅವರು ನಗಲಿಲ್ಲ. ಆಫ್ರೀನಳ ಕಡೆ ತಿರುಗಿದರು. "ಇದನ್ನು ವರದಿಯಲ್ಲಿ ಬರೆದಿದ್ದೀರಾ?"

"ಇಲ್ಲ ಸರ್."

"ಯಾಕೆ?"

ಅವಳು ನನ್ನ ಕಡೆ ನೋಡಲೇ ಇಲ್ಲ. "ನಾ ಮರತೆ ಸರ್."

"ಆಕಿ ಮರತಿಲ್ರಿ. ಬರಿಬ್ಯಾಡ ಅಂತ ನಾ ಹೇಳಿದೆ" ಎಂದೆ.

"ಯಾರು ಹೇಳಿದರೂ ಒಂದೇ" ಎಂದರು ಸಾಹೇಬರು. "ಬೆಂಕಿಯನ್ನೇ ಬಟ್ಟೆಯಲ್ಲಿ ಮಾಡಿದವರು ಮೀಟರಿನ ಅಂಕಿಯನ್ನೂ ಮಾಡಿಲ್ಲ ಅಂತ ನಾನು ಹೇಗೆ ನಂಬಲಿ?"

ಒಂದು ಬೈಗುಳ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ಹೊರಗೆ ಬರಲಿಲ್ಲ. ಯಾಕೆಂದರೆ ಅವರು ಹೇಳಿದ್ದರಲ್ಲಿ ತಪ್ಪು ಹುಡುಕಿದರೂ ಸಿಗಲಿಲ್ಲ. ನನಗೆ ಇವತ್ತಿಗೂ ಉರಿಯುವುದು ಅದಕ್ಕೇ. ಭಟ್ಟಿಯ ಮುಖ ನೋಡದ ಮನುಷ್ಯ, ಬೆಂಕಿಯ ಬಣ್ಣ ಗೊತ್ತಿಲ್ಲದ ಮನುಷ್ಯ, ನನಗೆ ಬುದ್ಧಿ ಹೇಳಿದ. ಅದೂ ಸರಿಯಾಗಿ ಹೇಳಿದ. ಆ ಮೂವತ್ತು ದಿನ ಒಂದು ಉಸಿರು ಗ್ಯಾಸೂ ಸುಟ್ಟಿರಲಿಲ್ಲ, ಅಲ್ಲಾನ ಆಣೆ. ಆದರೆ ಯಾರ ಮುಂದೆ ಆಣೆ ಮಾಡಲಿ? ಮುಕ್ಕಾಲು ಮೂರುವೀಸ ಕೆಲಸ ಮುಗಿಸಿ, ಕೊನೆಗೆ ಒಂದು ಸಾಲು ಬರೆಯುವುದನ್ನು ತಡೆದು, ಎಲ್ಲವನ್ನೂ ಹಾಳು ಮಾಡಿದವನು ನಾನು.

ಸಾಹೇಬರು 'ಒಪ್ಪಿಗೆ ಇಲ್ಲ' ಎಂದು ಬರೆದು ಹೋದರು. ಆಫ್ರೀನ ನನ್ನನ್ನು ಅಂಗಳದಲ್ಲೇ ಬಿಟ್ಟು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಎರಡು ದಿನ ಫೋನಿನಲ್ಲಿ ಯಾರು ಯಾರನ್ನೋ ಕಾಡಿ ಬೇಡಿದಳು. ಮುಂದಿನ ಕಾರ್ಖಾನೆಯಲ್ಲಿ ಯಂತ್ರ ಕೂರಿಸುವ ಪಾಯ ಇನ್ನೂ ಮುಗಿದಿಲ್ಲ ಎಂದು ಗೊತ್ತಾಯಿತು. ಅದು ಮುಗಿಯುವವರೆಗೆ ಮೂವತ್ತನಾಲ್ಕು ದಿನ ಸಿಕ್ಕವು. ಕರಾರು ಬಿಗಿಯಾಯಿತು: ಆ ನೀಲಿ ಕುಡಿ ಬಿಟ್ಟರೆ ಚಿಮಣಿಯ ಮೇಲೆ ಖರೇ ಬೆಂಕಿಯೂ ಇರಬಾರದು, ಅರಿವೆಯ ಬೆಂಕಿಯೂ ಇರಬಾರದು. ಹಳೆಯ ಚಿಮಣಿಯ ಏಣಿಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿದರು. ಕ್ಯಾಮೆರಾ ಹಚ್ಚಿದರು. ಇನ್ನೊಂದು ಸಲ ಕೇಳುವಂತಿಲ್ಲ.

ಮೊದಲನೇ ದಿನವೇ ಬಾಳಮ್ಮನ ಹತ್ತಿರ ಹೋದೆ. "ಅಕ್ಕಾ, ಬೆಂಕಿ ಇಲ್ಲಂದ್ರೂ ಭಟ್ಟಿ ನಡದೈತಿ ಅಂತ ಬಂದವ್ರಿಗೆ ಹೇಳು."

ಅವಳು ಚಹಾದ ಜರಡಿಯನ್ನು ಡಬ್ಬಿಯ ಮೇಲೆ ಬಡಿದಳು. "ಹ್ವಾದ ಸಲ ನನ್ನ ಬಾಯಿಲೆ ಸುಳ್ಳು ಹೇಳಿಸಿದಿ. ಅರಿವಿ ತುಂಡಿಗೆ ಬೆಂಕ್ಯಂತ ಸಾಹೇಬ್ರ ಮುಂದ ಹೆಸರು ಬರಸೀನಿ ನಾ! ಇನ್ನ ಯಾರಿಗೂ ಒಂದ ಅಕ್ಷರಾ ಹೇಳೂದಿಲ್ಲ. ನೀನ ಕುಂತು ಹೇಳಿಕೋ."

ಕುಳಿತೆ. ಹನ್ನೊಂದು ದಿನ ಆಯಿತು. ಬೆಳಗ್ಗೆ ಅವಳ ಅಂಗಡಿಯ ಬೆಂಚಿನ ಮೇಲೆ ಕುಳಿತರೆ, ಕೋಕಿನ ಗಾಡಿ ಬಂದಾಗಲೆಲ್ಲ ಎದ್ದು ಅಡ್ಡ ನಿಲ್ಲುತ್ತೇನೆ. ನೀವು ಹಣೆಗೆ ಕೈ ಹಿಡಿದು ದಿನ್ನೆ ನೋಡುತ್ತೀರಿ, ಆಮೇಲೆ ನನ್ನನ್ನು ನೋಡುತ್ತೀರಿ, ಆಮೇಲೆ ಗಾಡಿ ಹೊರಳಿಸುತ್ತೀರಿ. ಮೂವರಲ್ಲಿ ಒಬ್ಬ ನಂಬುತ್ತಾನೆ. ಹಾಗಾಗಿ ಈಗ ನಾನು ಗಾಡಿಯಲ್ಲೇ ಹತ್ತಿ ಕೂರುತ್ತೇನೆ. "ಭಟ್ಟಿ ಬಂದ್ ಇದ್ರ, ನಿನ್ನ ಗಾಡಿ ಬಿಡೂತನಾ ನಾನೂ ಅಂಗಳದಾಗ ನಿನ್ನ ಜೋಡಿ ಬೀಳ್ತೇನಿ" ಎನ್ನುತ್ತೇನೆ. ಗೇಟಿನವರೆಗೆ ಗಾಡಿಯಲ್ಲಿ, ವಾಪಸು ಬಸ್ಸಿನಲ್ಲಿ. ದಿನಕ್ಕೆ ನಾಲ್ಕು ಸಲ, ಐದು ಸಲ. ಎಪ್ಪತ್ತು ವರ್ಷ ನನಗೆ. ನಿಮ್ಮ ಕ್ಯಾಬಿನ್ನಿನ ಮೆಟ್ಟಿಲು ಎಷ್ಟು ಎತ್ತರ ಎಂದು ನನ್ನ ಮೊಣಕಾಲು ಕೇಳಿ.

ಇವತ್ತು ಬೆಳಗ್ಗೆ ಗಾಳೆಪ್ಪ ಬಂದ. ಗಾಡಿಯಿಂದ ಇಳಿಯಲಿಲ್ಲ, ಕಿಟಕಿಯಿಂದಲೇ ಶುರು ಮಾಡಿದ.

"ಅವಾಗ ಬೆಂಕಿ ಐತಿ ಅಂದಿ, ಅದು ಸೀರಿ ಆತು. ಈಗ ಬೆಂಕಿ ಇಲ್ಲ, ಭಟ್ಟಿ ಐತಿ ಅಂತಿ. ನಾಳೆ ಭಟ್ಟಿನೂ ಸೀರಿ ಅಂದಿಯಲೇ ಮುದ್ಯಾ!"

"ಬೈದು ಮುಗಸು. ಆಮ್ಯಾಲ ನಡಿ, ನಾ ಹತ್ತತೇನಿ."

"ಮತ್ತ ನಿಮ್ಮ ಮಷೀನು ನಮ್ಮ ಹತ್ತು ಟ್ರಿಪ್ಪಿನ್ಯಾಗ ಎರಡು ತಿಂತೈತಂತಲ್ಲ? ನಮ್ಮ ಹೊಟ್ಟಿಗೆ ಕಲ್ಲು ಹಾಕಾಕ ನಾವ ಕೋಕ್ ತರಬೇಕೇನು?"

"ಹೌದು, ಎರಡು ತಿಂತೈತಿ. ಆದ್ರ ಭಟ್ಟಿ ನಿಂತ್ರ ಹತ್ತೂ ಹೋಗತಾವ."

ಅವನು ಕ್ಲೀನರ್ ಕೂರುವ ಕಡೆಯ ಬಾಗಿಲು ತೆಗೆದ. ದಾರಿಯುದ್ದಕ್ಕೂ ಮಗಳ ಹೆಸರಿಡುವ ಕಾರ್ಯದ ಕತೆಯನ್ನೇ ಹೇಳಿದ. ಗೇಟಿಗೆ ಬಂದರೂ ತೂಕದ ಕಡೆ ಹೋಗಲಿಲ್ಲ. "ಮೊದಲ ಕಬ್ಬಿಣ ತೋರಸು" ಎಂದ. ಕರೆದುಕೊಂಡು ಹೋದೆ. ಆಫ್ರೀನ ಅವನ ತಲೆಗೆ ಟೊಪ್ಪಿಗೆ ಹಾಕಿ, ಕಬ್ಬಿಣ ಬಿಡುವ ಬಾಯಿಯಿಂದ ದೂರದಲ್ಲಿ ನಿಲ್ಲಿಸಿದಳು. ಬಾಯಿ ಒಡೆದರು. ಕಬ್ಬಿಣ ಕಾಲುವೆಯಲ್ಲಿ ಹರಿದು ಬಂತು. ಎಂಟು ವರ್ಷದಿಂದ ಕೋಕ್ ತರುವ ಮನುಷ್ಯ, ಅದು ಏನಾಗುತ್ತದೆ ಎಂದು ಇವತ್ತೇ ಮೊದಲು ನೋಡಿದ್ದು. ಬೆವರು ಒರೆಸಿಕೊಂಡು ಚಿಮಣಿ ನೋಡಿದ, ಕಬ್ಬಿಣ ನೋಡಿದ, ಮತ್ತೆ ಚಿಮಣಿ ನೋಡಿದ.

"ತೂಕ ಮಾಡಸ್ರಿ" ಎಂದ. ಅಷ್ಟೇ.

ನೀನೇ ನಿನ್ನ ಗ್ರೂಪಿನವರಿಗೆ ಹೇಳು ಮಾರಾಯ ಎಂದರೆ, "ನಾ ಹೇಳಿದ್ರ ನಿನ್ನ ಕಡಿಂದ ಏನರೆ ತಿಂದೀನಿ ಅಂತಾರ. ನೀನ ಹೇಳು" ಎಂದು ಹೊರಟುಹೋದ. ಅದಕ್ಕೇ ಹೇಳುತ್ತಿದ್ದೇನೆ. ಬರುವಾಗ ಆಫ್ರೀನ ಅಂಗಳದ ಕೋಕಿನ ರಾಶಿ ಅಳೆಯುತ್ತಿದ್ದಳು. "ಎರಡು ದಿನದ್ದು ಐತ್ರಿ ಚಾಚಾ. ದಿನಕ್ಕ ಆರು ಗಾಡಿ ಬೇಕು. ಇವತ್ತು ಇಲ್ಲಿತನಾ ಎರಡ ಬಂದಾವ" ಎಂದಳು. ಆಮೇಲೆ, ಆ ಮೂವತ್ತನೇ ದಿನದಿಂದ ಮೊದಲನೇ ಸಲ, ನನ್ನ ಕೈಗೆ ನೀರಿನ ಬಾಟಲಿ ಕೊಟ್ಟಳು. "ಬಿಸಲೈತಿ, ಕುಡದು ಹೋಗ್ರಿ."

ತಡೆಯಿರಿ, ಬಸ್ಸು ಬಂತು.

ಹತ್ತಿದೆ. ಕಂಡಕ್ಟರು ನಗುತ್ತಿದ್ದಾನೆ. "ಎಲ್ಲಿಗ್ರಿ ಅಜ್ಜಾರ? ಅಮೀನಗಡಾನ? ಮುಂಜಾನಿಂದ ಎಷ್ಟನೇ ಸಲರಿ ಇದು?" ಮೂರನೇ ಸಲ. ನಕ್ಕರೆ ನಗಲಿ. ಅವನಿಗೂ ಈ ಕತೆ ಹೇಳಬೇಕು, ಆದರೆ ಮೊದಲು ನಿಮ್ಮದು ಮುಗಿಯಲಿ.

ಇಷ್ಟೇ ವಿಷಯ. ಹತ್ತೊಂಬತ್ತು ದಿನ ಉಳಿದಿವೆ. ಮಧ್ಯದಲ್ಲಿ ಕೋಕ್ ಮುಗಿದು ಭಟ್ಟಿ ನಿಂತರೆ ಯಂತ್ರ ಹೋಗುತ್ತದೆ, ನಾನು ಮತ್ತೆ ಆ ವಾಲ್ವು ತಿರುಗಿಸಿ ಬೆಂಕಿ ಹಚ್ಚಬೇಕಾಗುತ್ತದೆ. ನೀವೆಲ್ಲ ಸಂತೋಷವಾಗಿ ಚಹಾ ಕುಡಿಯುತ್ತಾ ಅದನ್ನು ನೋಡುತ್ತೀರಿ. ಫೋನನ್ನು ನಂಬಬೇಡಿ. ನನ್ನನ್ನೂ ನಂಬಬೇಡಿ, ನಂಬುವಂಥ ಕೆಲಸ ನಾನು ಮಾಡಿಲ್ಲ. ಗಾಳೆಪ್ಪನ ಹಾಗೆ ಬಂದು ಕಬ್ಬಿಣ ನೋಡಿ.

ಅಮೀನಗಡ ಬಂತು. ಬಾಳಮ್ಮನ ಅಂಗಡಿಯ ಮುಂದೆ ಒಂದು ಕೋಕಿನ ಗಾಡಿ ನಿಂತಿದೆ. ಡ್ರೈವರ್ ಬಂಪರಿನ ಮೇಲೆ ಹತ್ತಿ, ಹಣೆಗೆ ಕೈ ಹಿಡಿದು ದಿನ್ನೆ ನೋಡುತ್ತಿದ್ದಾನೆ. ಇಳಿದ. ಗಾಡಿಯ ಬಾಗಿಲಿಗೆ ಕೈ ಹಾಕಿದ. ಲೇ, ಲೇ, ತಡಿಯೋ! ಕಂಡಕ್ಟರ, ಇಲ್ಲೇ ನಿಲ್ಲಸಪಾ, ಸ್ಟ್ಯಾಂಡ್ ಬ್ಯಾಡ, ಇಲ್ಲೇ!

ಇಳಿದೆ. ಕೇಳುತ್ತಿದೆಯಾ? ಬಾಳಮ್ಮನ ದನಿ.

"ಎಲ್ಲಿಗೆ ಹೊಂಟಿ? ಚಹಾ ಇನ್ನೂ ಕುದ್ದಿಲ್ಲ, ಕುಂದರು."

"ಅರ್ಧಾ ತಾಸಾತು ಬೇ, ಏನು ಚಹಾನೋ ಬಿರಿಯಾನಿಯೋ?"

"ಕುಂದರು ಅಂದ್ರ ಕುಂದರು."

ಅವಳ ಮುಂದಿನ ಚಹಾದ ಪಾತ್ರೆಯಲ್ಲಿ ನೊರೆ ಎದ್ದು ಉಕ್ಕುತ್ತಿದೆ. ನನ್ನನ್ನು ನೋಡಿದಳು. ಈಗ ಬೆಂಕಿ ಸಣ್ಣ ಮಾಡಿ, ಎರಡು ಕಪ್ಪು ಮುಂದಿಟ್ಟಳು. ಮುಖ ಮಾತ್ರ ಗಂಟು ಹಾಕಿಕೊಂಡೇ ಇದ್ದಾಳೆ.

"ಯಜಮಾನ್ರ, ಆ ಕಾರ್ಖಾನಿ ಬಂದ್ ಐತೇನ್ರಿ? ಬೆಂಕಿ ಕಾಣವಲ್ದು."

"ಮೊದಲ ಚಹಾ ಕುಡಿ ತಮ್ಮಾ. ಆಮ್ಯಾಲ ಆ ಕಡಿ ಬಾಗಲಾ ತಗಿ, ನಾ ಹತ್ತಬೇಕು."